ಅಡಿಗೆಯಿಲ್ಲದ ದಿನ

ಅಹೋಬಿಲದ ಬಗ್ಗೆ ಗೋದಾಬಾಯಿಗೆ ಗೊತ್ತಿದ್ದದ್ದೆಲ್ಲ ಛತ್ರದ ಅಡಿಗೆಮನೆಯ ಕಿಟಕಿಯಿಂದ ಕಂಡದ್ದು. ಕಿಟಕಿಯ ಸರಳು ಮುರಿದಿದ್ದರಿಂದ ಕೋತಿ ನುಗ್ಗದ ಹಾಗೆ ಅರ್ಧಕ್ಕೆ ತಗಡು ಹೊಡೆದಿದ್ದರು. ತಗಡಿನ ಮೇಲಿಂದ ಇಣುಕಿದರೆ ನಲ್ಲಮಲ ಬೆಟ್ಟದ ಒಂದು ತುಂಡು ಕಾಣುತ್ತಿತ್ತು. ಬೆಟ್ಟ ಅಲ್ಲಿ ಸೀಳಿಕೊಂಡು ಎರಡಾಗಿ, ನಡುವೆ ಆಳವಾದ ಕಮರಿ. ಆ ಕಮರಿಯೊಳಕ್ಕೆ ಅವಳ ಗಂಡ ಮಧ್ವರಾಜ ಪ್ರತಿ ಮಾಘಮಾಸದಲ್ಲೂ ಒಂದು ವ್ಯಾನ್ ತುಂಬ ಜನರನ್ನು ನಡೆಸಿಕೊಂಡು ಹೋಗುತ್ತಿದ್ದ. ಅವರೆಲ್ಲ ಕೋಲು ಊರಿಕೊಂಡು ಹೊರಟ ಮೇಲೆ ಇವಳು ಕಿಟಕಿಗೆ ಬೆನ್ನು ಮಾಡಿ ಅಕ್ಕಿ ತೊಳೆಯಲು ಕೂರುತ್ತಿದ್ದಳು.

ಗೋದಾಬಾಯಿ ಮದರಾಸಿನವಳೇ. ಊರಿನ ಹೆಸರು ಚೆನ್ನೈ ಆಗಿ ವರ್ಷಗಳೇ ಕಳೆದಿದ್ದರೂ ಅವಳ ಬಾಯಿಗೆ ಅದಿನ್ನೂ ಒಗ್ಗಿರಲಿಲ್ಲ. ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿ, ಮದುವೆಯಾಗಿ ಪೆರಂಬೂರಿಗೆ ಬಂದವಳು. ಮಧ್ವರಾಜನಿಗೆ ರೈಲು ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆಯ ಸೈರನ್ ಕೂಗುವ ಮೊದಲು ಅನ್ನ ಸಾರು ಕ್ಯಾರಿಯರ್‌ಗೆ ಬಿದ್ದಿರಬೇಕು. ಮಾವ ಇದ್ದಷ್ಟು ಕಾಲ ಮಡಿ, ಅತ್ತೆ ಇದ್ದಷ್ಟು ಕಾಲ ಅದರ ಎರಡರಷ್ಟು ಮಡಿ. ಅವರಿಬ್ಬರೂ ಹೋಗಿ, ಮಗಳು ವೃಂದಾ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿ, ಇನ್ನು ಸ್ವಲ್ಪ ಕಾಲು ಚಾಚೋಣ ಎನ್ನುವ ಹೊತ್ತಿಗೆ ಮಧ್ವರಾಜನಿಗೆ ಈ ಯಾತ್ರೆಯ ಹುಚ್ಚು ಹತ್ತಿತು.

ಯಾತ್ರೆಯೆಂದರೆ ಗುಡಿಯ ಮುಂದೆ ವ್ಯಾನ್ ನಿಲ್ಲಿಸಿ ಕೈಮುಗಿದು ಬರುವ ಯಾತ್ರೆಯಲ್ಲ. ಕೆಳಗಿನ ಊರಿನ ಛತ್ರದಲ್ಲಿ ಬಿಡಾರ. ದಿನಕ್ಕೊಂದು ದಾರಿ ಹಿಡಿದು, ಕಾಡು ಕಮರಿ ಹಾದು, ಒಂಬತ್ತು ನರಸಿಂಹರಲ್ಲಿ ಒಬ್ಬರನ್ನೋ ಇಬ್ಬರನ್ನೋ ನೋಡಿ ಸಂಜೆಗೆ ವಾಪಸು. ದಾರಿ ತೋರಿಸಲು ಅಲ್ಲಿಯವನೇ ಆದ ಓಬುಲೇಶು. ಬರುವವರು ಮದರಾಸಿನ ಮಾಧ್ವರು: ಬ್ಯಾಂಕಿನವರು, ಆಡಿಟರುಗಳು, ರಿಟೈರಾದ ಮೇಷ್ಟರುಗಳು. ಊರಿನಲ್ಲಿದ್ದಾಗ ಸಂಜೆಯಾದರೆ ಹೋಟೆಲಿನ ರವೆ ದೋಸೆಗೆ ಸಾಲು ನಿಲ್ಲುವ ಇದೇ ಜನ ವ್ಯಾನ್ ಹತ್ತಿದ ಕೂಡಲೇ ಮಹಾ ಮಡಿವಂತರಾಗಿಬಿಡುತ್ತಿದ್ದರು. ಹೊರಗಿನ ಅನ್ನ ಆಗದು, ಹೊರಗಿನ ನೀರೂ ಆಗದು. ಹಾಗಾಗಿ ಗೋದಾಬಾಯಿ ಬೇಕು. ಅವಳಿಲ್ಲದೆ ಯಾತ್ರೆಯಿಲ್ಲ ಎಂದು ಎಲ್ಲರೂ ಮೆಚ್ಚಿ ಹೇಳುತ್ತಿದ್ದರು, ಮೆಚ್ಚಿ ಹೇಳಿ ಅವಳನ್ನು ಒಲೆಯ ಮುಂದೆ ಬಿಟ್ಟು ಹೋಗುತ್ತಿದ್ದರು.

ಸಂಜೆ ಮರಳಿ ಬಂದವರು ಎಲೆಯ ಮುಂದೆ ಕೂತು ಜ್ವಾಲಾ ನರಸಿಂಹನ ದಾರಿಯನ್ನು ಬಣ್ಣಿಸುತ್ತಿದ್ದರು. ಎಲ್ಲಕ್ಕಿಂತ ಕಷ್ಟದ ದಾರಿ ಅದು. ಭವನಾಶಿನಿ ಹೊಳೆಯ ಪಾತ್ರದಲ್ಲಿ ಬಂಡೆಯಿಂದ ಬಂಡೆಗೆ ಕಾಲಿಡುತ್ತ ನಡೆಯಬೇಕು. ಎರಡು ಕಡೆಯೂ ಗೋಡೆಯಂತೆ ಎದ್ದ ಕಲ್ಲು. ಕೊನೆಯಲ್ಲಿ ಮೇಲಿಂದ ನೀರು ಬೀಳುತ್ತದೆ, ಆ ನೀರಿಗೂ ಬೆಟ್ಟಕ್ಕೂ ನಡುವೆ ಇರುವ ಚೂರು ಜಾಗದಲ್ಲಿ ಹಾದು ದೇವರ ಬಳಿ ಹೋಗಬೇಕು. ವರ್ಷ ವರ್ಷವೂ ಕೇಳಿ ಕೇಳಿ ಗೋದಾಬಾಯಿಗೆ ಆ ದಾರಿ ಬಾಯಿಪಾಠವಾಗಿತ್ತು. ಬಡಿಸುವಾಗ ಒಮ್ಮೊಮ್ಮೆ ಅವರು ಮರೆತದ್ದನ್ನು ಇವಳೇ ನೆನಪಿಸುತ್ತಿದ್ದಳು. "ನಾನೂ ಒಂದ್ಸಲ ಬರ್ತೀನಿ" ಎಂದರೆ ಮಧ್ವರಾಜ, "ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದ. ಸುಳ್ಳು ಹೇಳುವ ಮನುಷ್ಯನಲ್ಲ. ಅಡಿಗೆಗೆ ಇನ್ನೊಬ್ಬರನ್ನು ಹುಡುಕಬೇಕೆಂದು ಪ್ರತಿ ವರ್ಷವೂ ನಿಜವಾಗಿಯೇ ಅಂದುಕೊಳ್ಳುತ್ತಿದ್ದ, ಪ್ರತಿ ವರ್ಷವೂ ನಿಜವಾಗಿಯೇ ಮರೆಯುತ್ತಿದ್ದ.

ಮನೆಗೆ ಬಂದರೆ ವೃಂದಾ ಬಾಗಿಲಲ್ಲೇ ಕೇಳುತ್ತಿದ್ದಳು. ಪೆರಂಬೂರಿನ ಸ್ಕೂಲಿನಲ್ಲಿ ಓದಿದ ಹುಡುಗಿ. ಮನೆಯಲ್ಲಿ ಕನ್ನಡದಲ್ಲಿ ಏನು ಕೇಳಿದರೂ ಅವಳ ಮಾತು ತಮಿಳಿನಲ್ಲೇ.

"ನೀ ಪಾತ್ತಿಯಾಮ್ಮಾ?"

ನೀನು ನೋಡಿದೆಯಾ ಅಂತ. "ನಿಮ್ಮಪ್ಪ ನೋಡಿದ್ರು" ಎಂದು ಹೇಳಿ ಗೋದಾಬಾಯಿ ನೇರ ಅಡಿಗೆಮನೆಗೆ ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆಯುತ್ತಿದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವಳ ಮೊಳಕಾಲು ಕೈಕೊಟ್ಟಿತು. ಡಾಕ್ಟರು ಫೋಟೋ ತೆಗೆಸಿ ನೋಡಿ, ಮೂಳೆ ಸವೆದಿದೆ, ಮೆಟ್ಟಿಲು ಹತ್ತುವುದನ್ನು ಮರೆತುಬಿಡಿ ಎಂದರು. ಗೋದಾಬಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದ್ದು ಒಂದನ್ನೇ. ಈ ಮಾಘಕ್ಕೆ ಹೇಗೋ ನಡೆದೇನು, ಬರುವ ಮಾಘಕ್ಕೆ ಆಗದು. ಹೋದರೆ ಈ ಸಲ, ಇಲ್ಲದಿದ್ದರೆ ಇಲ್ಲ.

ಪೊಂಗಲ್ ಮುಗಿದ ವಾರ ಅವಳು ಪಾರಣೆಗೆ ಏನೇನು ಕಟ್ಟಿಕೊಂಡು ಹೋಗಬೇಕೆಂದು ನೋಡಲು ಬಾಗಿಲ ಹಿಂದೆ ನೇತುಹಾಕಿದ್ದ ಮಠದ ಪಂಚಾಂಗ ತೆಗೆದಳು. ಯಾತ್ರೆಯ ದಿನಗಳನ್ನು ಮಧ್ವರಾಜ ಆಗಲೇ ಗೊತ್ತು ಮಾಡಿದ್ದ. ಶುಕ್ರವಾರ ಹೊರಡುವುದು. ಶನಿವಾರ ಏಕಾದಶಿ, ಉಪವಾಸ, ಆದ್ದರಿಂದ ನಡಿಗೆಯಿಲ್ಲದೆ ಊರಿನೊಳಗಿನ ಗುಡಿಯಲ್ಲೇ ಭಜನೆ. ಭಾನುವಾರ ಬೆಳಿಗ್ಗೆ ಪಾರಣೆ ಮುಗಿಸಿ ಜ್ವಾಲಾ ನರಸಿಂಹ. ಆದರೆ ಪಂಚಾಂಗ ಬೇರೆಯೇ ಹೇಳುತ್ತಿತ್ತು. ಶನಿವಾರ ಬೆಳಗಿನ ಜಾವಕ್ಕೆ ಇನ್ನೂ ದಶಮಿ ಉಳಿದಿತ್ತು. ದಶಮಿ ಸೋಕಿದ ಏಕಾದಶಿ ವೈಷ್ಣವರಿಗೆ ಆಗುವುದಿಲ್ಲ. ಉಪವಾಸ ಮರುದಿನಕ್ಕೆ, ಭಾನುವಾರಕ್ಕೆ ಬೀಳುತ್ತದೆ. ಕಣ್ಣಿನ ಪೊರೆ ಬಂದಿದ್ದ ಮಧ್ವರಾಜ ಮಠದ ಪಂಚಾಂಗದ ಸಣ್ಣ ಅಕ್ಷರದ ಗೋಜಿಗೆ ಹೋಗದೆ, ಕಿರಾಣಿ ಅಂಗಡಿಯವನು ಕೊಟ್ಟ ತಮಿಳು ದಿನದರ್ಶಿಯಲ್ಲಿ ದಪ್ಪಗೆ ಕಂಡದ್ದನ್ನು ನಂಬಿಬಿಟ್ಟಿದ್ದ.

ಭಾನುವಾರ ಏಕಾದಶಿ ಎಂದರೆ ಭಾನುವಾರ ಯಾರೂ ಉಣ್ಣುವುದಿಲ್ಲ. ಯಾರೂ ಉಣ್ಣದಿದ್ದರೆ ಅಡಿಗೆಯಿಲ್ಲ. ಗೋದಾಬಾಯಿ ಪಂಚಾಂಗ ಹಿಡಿದುಕೊಂಡು ನಿಂತೇ ಇದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು.

ಹೇಳಬೇಕು ಎಂದುಕೊಂಡಳು. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದರಾಯಿತು. ಊಟಕ್ಕೆ ಕೂತಾಗ ಗಂಡ ಯಾರ ಜೊತೆಗೋ ಫೋನಿನಲ್ಲಿದ್ದ. ಸಂಜೆ ಹೇಳಿದರಾಯಿತು. ಸಂಜೆ ಅವಳ ಬಾಯಿ ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ. ವಾರ ಕಳೆದ ಮೇಲೆ, ಇನ್ನು ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ ಎಂಬ ನೆಪವೂ ಸಿಕ್ಕಿತು. ಪಂಚಾಂಗವನ್ನು ಬಾಗಿಲ ಹಿಂದೆ ಇದ್ದ ಹಾಗೆಯೇ ನೇತುಹಾಕಿದಳು.

ಶುಕ್ರವಾರ ಸಂಜೆ ಛತ್ರದಲ್ಲಿ ಚಾಪೆ ಬಿಡಿಸುವಾಗ ಬದರಿನಾಥ ರಾಯರು ಚೀಲದಿಂದ ಪಂಚಾಂಗ ತೆಗೆದರು. ಮೇಷ್ಟರಾಗಿ ರಿಟೈರಾದವರು, ಬಾಯಿ ಮಾತ್ರ ರಿಟೈರಾಗಿರಲಿಲ್ಲ.

"ಮಧ್ವರಾಜ! ಏನಯ್ಯಾ ಇದು? ನಾಳೆ ಏಕಾದಶಿಯೇ ಅಲ್ಲ. ನಾಡಿದ್ದು! ನಿರ್ಜಲ ಮಾಡೋರೆಲ್ಲ ಆ ಕಮರೀಲಿ ನಡೀಬೇಕಾ? ಕೊಲ್ಬೇಕು ಅಂತಾನೇ ಕರ್ಕೊಂಡು ಬಂದಿಯಾ?"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಶನಿವಾರಕ್ಕೆ ನಡಿಗೆ ಬದಲಾಯಿಸೋಣವೆಂದರೆ ಓಬುಲೇಶು ಅಂದು ಇನ್ನೊಂದು ಗುಂಪಿನ ಜೊತೆ ಹೋಗುತ್ತಿದ್ದ. ಸೋಮವಾರ ಮಧ್ಯಾಹ್ನ ವ್ಯಾನ್ ಮದರಾಸಿಗೆ ಹೊರಡಬೇಕು. ಮಧ್ವರಾಜ ಗೋಡೆಗೆ ಒರಗಿ ನಿಂತು, "ತಪ್ಪಾಯ್ತು, ಕಣ್ಣು ಸರಿಯಾಗಿ ಕಾಣಲ್ಲ, ತಪ್ಪಾಯ್ತು" ಎನ್ನುತ್ತಲೇ ಇದ್ದ. ಅವನಿಗೂ ವಯಸ್ಸಾಗಿತ್ತು. ಗೋದಾಬಾಯಿ ಅಡಿಗೆಮನೆಯೊಳಗಿಂದ ಎಲ್ಲ ಕೇಳಿಸಿಕೊಂಡಳು. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಅರ್ಧ ಬೈಗುಳ ಅವಳ ಪಾಲಿಗೆ ಬರುತ್ತಿತ್ತು. ಬರಲಿಲ್ಲ. ಶನಿವಾರ ಏಕಾದಶಿಯಲ್ಲವಾದ್ದರಿಂದ ಎಲ್ಲರಿಗೂ ಊಟ ಬೇಕಾಯಿತು, ಅವಳು ಬದನೆಕಾಯಿ ಹುಳಿ, ಪಲ್ಯ ಮಾಡಿ ಬಡಿಸಿದಳು. ಬೈದವರೆಲ್ಲ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಬೆಸೆಂಟ್ ನಗರದ ಸುಮತಿ ಮಾತ್ರ ಎಲೆಯ ಮೇಲಿನ ಬದನೆಕಾಯಿಯನ್ನೂ ಗೋದಾಬಾಯಿಯ ಮುಖವನ್ನೂ ಒಂದೆರಡು ಸಲ ನೋಡಿದಳು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಬಿಟ್ಟವಳು, ಕಡಿಮೆ ಮಾತಿನವಳು.

ಭಾನುವಾರ ಬೆಳಿಗ್ಗೆ ಗೋದಾಬಾಯಿ ಕೋಲು ಹಿಡಿದು ಗುಂಪಿನ ಕೊನೆಯಲ್ಲಿ ಬಂದು ನಿಂತಾಗ ಮಧ್ವರಾಜ ಕಣ್ಣು ಕಿರಿದು ಮಾಡಿ ನೋಡಿದ.

"ನೀನೆಲ್ಲಿಗೆ? ನಿನ್ನ ಕಾಲು?"

"ಇವತ್ತು ಅಡಿಗೆಯಿಲ್ವಲ್ಲ."

ಅವನು ಪಕ್ಕಕ್ಕೆ ಸರಿದು ಅವಳಿಗೆ ವ್ಯಾನ್ ಹತ್ತಲು ದಾರಿ ಬಿಟ್ಟ.

ಮೇಲಿನ ಗುಡಿಯವರೆಗೆ ವ್ಯಾನ್ ಹೋಯಿತು. ಅಲ್ಲಿಂದ ಮುಂದೆ ಕಾಲೇ ಗತಿ. ಹೊಳೆಯ ಪಾತ್ರ ಎಂದು ಇಷ್ಟು ವರ್ಷ ಕೇಳಿದ್ದಳಲ್ಲ, ಆ ಬಂಡೆಗಳು ಇಷ್ಟು ದೊಡ್ಡವೆಂದು ಯಾರೂ ಹೇಳಿರಲಿಲ್ಲ. ಒಂದೊಂದಕ್ಕೂ ಕೈ ಊರಿ, ಸೊಂಟ ಎತ್ತಿ, ಕಾಲು ಎಳೆದುಕೊಳ್ಳಬೇಕು. ಮೊಳಕಾಲಿನೊಳಗೆ ಏನೋ ಕರಕರ ಎನ್ನುತ್ತಿತ್ತು. ಓಬುಲೇಶು ಹಿಂದಿರುಗಿ ಬಂದು, "ಮೆಲ್ಲಗಾ ಅಮ್ಮಾ, ಮೆಲ್ಲಗಾ" ಎಂದು ಕೈ ಕೊಡುತ್ತಿದ್ದ. ಬಿಸಿಲು ಇನ್ನೂ ಕಮರಿಯ ತಳಕ್ಕೆ ಇಳಿದಿರಲಿಲ್ಲ, ಆದರೂ ಕಲ್ಲಿನಿಂದ ಹಬೆ ಏಳುತ್ತಿತ್ತು. ನೀರು ಕುಡಿಯದ ಗಂಟಲು, ಹಿಂದಿನ ದಿನ ಇಪ್ಪತ್ತು ಜನರಿಗೆ ಬೇಯಿಸಿದ ಮೈ. ಹಾಳು ಆಸೆ ಇದು, ಯಾರು ಹೇಳಿದ್ದರು ಬಾ ಅಂತ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಮುಂದಿನ ಬಂಡೆಗೆ ಕೈ ಊರಿದಳು.

ನೀರು ಬೀಳುವ ಸದ್ದು ಕೇಳತೊಡಗಿದಾಗ ಮುಂದಿದ್ದ ಸುಮತಿ ಇದ್ದಕ್ಕಿದ್ದಂತೆ ಕುಸಿದು ಕೂತಳು. ಮುಖ ಬಿಳಿಚಿಕೊಂಡು ತುಟಿ ಒಣಗಿತ್ತು.

"ನಂಗೇನಿಲ್ಲ. ಕಣ್ಣು ಕತ್ತಲೆ ಬಂತು ಅಷ್ಟೆ."

ಹಲವರು ಬಾಟಲಿ ಚಾಚಿದರು. ನಿರ್ಜಲ ಎಂದು ಸಂಕಲ್ಪ ಮಾಡಿದವಳು ತಲೆಯಾಡಿಸಿ ದೂರ ತಳ್ಳಿದಳು. ಬದರಿನಾಥ ರಾಯರು ಬೇಗ ಪರಿಹಾರ ಕಂಡುಹಿಡಿದರು.

"ಅಯ್ಯೋ ಪಾವಂ. ಗೋದಾ ಮಾಮಿ ಇದಾರಲ್ಲ, ಅವರು ಜೊತೇಲಿ ಕೂತಿರ್ಲಿ. ನಾವು ಸೀಕ್ರಂ ಹೋಗ್ಬಿಟ್ಟು ಬರ್ತೀವಿ."

ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಗೋದಾ ಮಾಮಿ ಇರುವುದೇ ಅದಕ್ಕಲ್ಲವೆ? ಒಬ್ಬೊಬ್ಬರಾಗಿ ಸುಮತಿಯ ಭುಜ ತಟ್ಟಿ ಮುಂದೆ ಹೋದರು. ಗೋದಾಬಾಯಿ ಸೆರಗನ್ನು ಹೊಳೆಯ ನೀರಿನಲ್ಲಿ ಅದ್ದಿ ಸುಮತಿಯ ಹಣೆಗೆ ಒತ್ತಿದಳು. ಓಬುಲೇಶುವಿನ ಜೊತೆ ಹಿಂದೆ ಉಳಿದಿದ್ದ ಮಧ್ವರಾಜ ಒಮ್ಮೆ ನೀರಿನ ಸದ್ದು ಬಂದ ಕಡೆಗೆ, ಒಮ್ಮೆ ಹೆಂಡತಿಯ ಕಡೆಗೆ ನೋಡಿ ಹೇಳಿದ:

"ಇಷ್ಟು ದೂರ ಬಂದೆಯಲ್ಲ, ಅದೇ ಹೆಚ್ಚು. ಇವತ್ತು ಕೂತ್ಕೋ. ಮುಂದಿನ ವರ್ಷ ನೋಡೋಣ."

ಬೇರೆ ಏನು ಹೇಳಿದ್ದರೂ ಅವಳು ಸುಮ್ಮನೆ ಕೂತುಬಿಡುತ್ತಿದ್ದಳೋ ಏನೋ.

"ಮುಂದಿನ ವರ್ಷ ಅನ್ಬೇಡಿ," ಎಂದಳು. "ನಂಗೆ ಗೊತ್ತಿತ್ತು ರೀ. ಏಕಾದಶಿ ಭಾನುವಾರ ಅಂತ ಪೊಂಗಲ್ ಆದ ವಾರಾನೇ ಗೊತ್ತಿತ್ತು."

ಮಧ್ವರಾಜನಿಗೆ ತಕ್ಷಣ ಅರ್ಥವಾಗಲಿಲ್ಲ. "ಗೊತ್ತಿತ್ತು ಅಂದ್ರೆ?"

"ಹೇಳಿದ್ರೆ ನೀವು ದಿನ ಬದಲಾಯಿಸ್ತಿದ್ರಿ. ನಾನು ಇವತ್ತೂ ಅನ್ನ ಬಸೀತಾ ಕೂತಿರ್ತಿದ್ದೆ. ಅದಕ್ಕೇ ಹೇಳ್ಲಿಲ್ಲ. ಈಗ ನೋಡಿ, ಇವರಿಗೆ ಹೀಗಾಯ್ತು. ನನ್ನಿಂದಾನೇ ಆಯ್ತು."

"ಎರಡು ದಿನದಿಂದ ಎಲ್ಲಾರೂ ನನ್ನ ಉಗೀತಿದ್ರು," ಎಂದ ಮಧ್ವರಾಜ. ಅವನ ದನಿ ಏರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. "ಕಣ್ಣು ಕಾಣದ ಮುದುಕ ಅಂದ್ರು. ನೀನು ಒಳಗೆ ನಿಂತ್ಕೊಂಡು ಕೇಳಿಸ್ಕೊಂಡೆ."

"ಹೂಂ."

ಅವಳಿಗೆ ಅಳು ಒತ್ತಿ ಬಂತು. ಗಂಡನನ್ನು ಎಲ್ಲರೆದುರು ತಲೆ ತಗ್ಗಿಸುವಂತೆ ಮಾಡಿದ್ದಳು, ಪಾಪ, ಒಬ್ಬ ಹೆಂಗಸನ್ನು ಬಂಡೆಯ ಮೇಲೆ ಮಲಗಿಸಿದ್ದಳು. ಇಷ್ಟು ಮಾಡಿಯೂ ದೇವರ ಮುಖ ಕಾಣಲಿಲ್ಲ. ಆಗ ಕಣ್ಣು ಮುಚ್ಚಿಕೊಂಡೇ ಇದ್ದ ಸುಮತಿ ಮಾತಾಡಿದಳು.

"ನಂಗೂ ಗೊತ್ತಾಯ್ತು ಮಾಮಿ, ನಿನ್ನೆ ಬದನೆಕಾಯಿ ನೋಡಿದಾಗ್ಲೇ. ಉಪವಾಸ ಅಂತ ಪ್ಲಾನ್ ಹಾಕಿದ ದಿನಕ್ಕೆ ಅಷ್ಟು ತರಕಾರಿ ಯಾರು ಹೊತ್ಕೊಂಡು ಬರ್ತಾರೆ?"

ಗೋದಾಬಾಯಿಗೆ ನೆಲ ಬಾಯಿ ಬಿಡಬಾರದೆ ಎನಿಸಿತು.

"ಉಪವಾಸ ಮಾಡು ಅಂತ ನೀವೇನೂ ಹೇಳಿರ್ಲಿಲ್ಲ. ಡಾಕ್ಟರು ಬೇಡ ಅಂದ್ರೂ ನಾನೇ ಹಟ ಮಾಡಿದ್ದು," ಎಂದು ಸುಮತಿ ಮೆಲ್ಲಗೆ ಎದ್ದು ಕೂತಳು. "ಈಗ ಕೇಳಿ. ನೀವು ಹೋಗಿ ನೋಡ್ಕೊಂಡು ಬರೋದಾದ್ರೆ ನಾನು ನೀರು ಕುಡೀತೀನಿ. ನೀವು ಇಲ್ಲೇ ಕೂತ್ರೆ ಒಂದು ಗುಟುಕೂ ಕುಡಿಯಲ್ಲ. ಏನು ಮಾಡ್ತೀರೋ ಮಾಡಿ."

"ಬೇಡಿ, ನಿಮ್ಮ ವ್ರತ..."

"ನನ್ನ ವ್ರತ ನಾನು ನೋಡ್ಕೋತೀನಿ. ಇನ್ನು ಹದಿನೈದು ದಿನಕ್ಕೆ ಇನ್ನೊಂದು ಏಕಾದಶಿ ಬರತ್ತೆ."

ಮಧ್ವರಾಜ ಸುಮತಿಯ ಪಕ್ಕದ ಕಲ್ಲಿನ ಮೇಲೆ ಭಾರವಾಗಿ ಕೂತ. ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟ. ಹೆಂಡತಿಯ ಕಡೆ ನೋಡದೆಯೇ ಓಬುಲೇಶುವಿಗೆ, "ಕರ್ಕೊಂಡು ಹೋಗಪ್ಪಾ" ಎಂದ. ಸುಮತಿ ಬಾಟಲಿಯನ್ನು ತುಟಿಗೆ ಹಿಡಿದು ಕಾಯುತ್ತಿದ್ದಳು. ಗೋದಾಬಾಯಿ ಕೋಲು ಎತ್ತಿಕೊಂಡಳು. ಹಿಂದಿನಿಂದ ನೀರು ಕುಡಿಯುವ ಸದ್ದು ಕೇಳಿದ ಮೇಲೆಯೇ ಅವಳು ಎರಡನೆಯ ಹೆಜ್ಜೆ ಇಟ್ಟದ್ದು.

ಮಾಘದಲ್ಲಿ ಅಲ್ಲಿ ನೀರು ಧುಮ್ಮಿಕ್ಕುವುದಿಲ್ಲ. ಮೇಲಿನ ಅಂಚಿನಿಂದ ಎಳೆ ಎಳೆಯಾಗಿ ಬೀಳುತ್ತದೆ. ಓಬುಲೇಶು ಅವಳ ಮುಂಗೈ ಹಿಡಿದು ನೀರಿಗೂ ಕಲ್ಲಿಗೂ ನಡುವೆ ನಡೆಸಿದ. ತಲೆ, ಹೆಗಲು, ಸೀರೆ ಎಲ್ಲ ನೆನೆಯಿತು. ಎದುರಿನಿಂದ ಮರಳುತ್ತಿದ್ದ ಗುಂಪು ಅವಳನ್ನು ಕಂಡು ನಿಂತಿತು. ಬದರಿನಾಥ ರಾಯರು, "ಓಹೋ, ಮಾಮಿ ಬಂದ್ರಾ! ಸುಮತಿ ಹತ್ರ ಯಾರಿದಾರೆ?" ಎಂದರು, ಉತ್ತರಕ್ಕೆ ಕಾಯದೆ, "ಅಂದ ಹಾಗೆ ನಾಳೆ ಪಾರಣೆಗೆ ಏನು ಪಾಯಸ?" ಎಂದೂ ಕೇಳಿದರು.

"ಗೊತ್ತಿಲ್ಲ" ಎಂದಳು ಗೋದಾಬಾಯಿ.

ಬಂಡೆಯ ಕೆಳಗಿನ ಪುಟ್ಟ ಗುಡಿ. ಎಣ್ಣೆ ದೀಪ. ಅರ್ಚಕರು ಕರ್ಪೂರ ಎತ್ತಿದಾಗ ಅನೇಕ ಕೈಗಳ ನರಸಿಂಹ ಒಂದು ಗಳಿಗೆ ಕಂಡ, ಮತ್ತೆ ಕತ್ತಲೆಗೆ ಸರಿದ. ಇಷ್ಟು ವರ್ಷ ಏನೇನೋ ಕೇಳಿಕೊಳ್ಳಬೇಕೆಂದು ಕೂಡಿಟ್ಟಿದ್ದಳು. ವೃಂದಾಳ ಮದುವೆ, ಗಂಡನ ಕಣ್ಣು, ತನ್ನ ಕಾಲು. ಆ ಗಳಿಗೆಯಲ್ಲಿ ಒಂದೂ ನೆನಪಾಗಲಿಲ್ಲ. ಕೈಮುಗಿದು ಹೊರಗೆ ಬಂದಳು. ಅಲ್ಲಿ ಬೆಟ್ಟಕ್ಕೆ ಒರಗಿದ ಹಾಗೆ ಒಂದು ಚಪ್ಪಟೆ ಬಂಡೆಯಿತ್ತು, ಎದುರಿಗೆ ಬೀಳುವ ನೀರು, ನೀರಿನಾಚೆ ಕಮರಿ. ಗೋದಾಬಾಯಿ ಅದರ ಮೇಲೆ ಕೂತಳು. ಬೆನ್ನನ್ನು ಕಲ್ಲಿಗೆ ಆನಿಸಿ ಕಾಲು ಚಾಚಿದಳು. ಕಣ್ಣಿನಿಂದ ನೀರು ಹರಿಯತೊಡಗಿತು. ಸಂತೋಷಕ್ಕೋ ದಣಿವಿಗೋ ಅವಳಿಗೇ ಗೊತ್ತಾಗಲಿಲ್ಲ. ಎರಡೂ ಇತ್ತು, ಹೆಚ್ಚು ಇದ್ದದ್ದು ದಣಿವು. ಎಷ್ಟೋ ವರ್ಷಗಳ ದಣಿವು ಮೈಯೆಲ್ಲ ಹರಡಿಕೊಂಡು ಕೂತಿತ್ತು; ಯಾರೂ ಕಾಫಿ ಕೇಳಲಿಲ್ಲ, ಯಾರೂ ಉಪ್ಪು ಎಲ್ಲಿ ಎನ್ನಲಿಲ್ಲ. "ಹೋಗೋಣವಾ ಅಮ್ಮಾ" ಎಂದು ಓಬುಲೇಶು ತನ್ನ ತೆಲುಗಿನಲ್ಲಿ ಕೇಳಿದ. ಇನ್ನು ಸ್ವಲ್ಪ ಎಂದು ಕೈಯಲ್ಲೇ ತೋರಿಸಿದಳು.

ಇಳಿಯುವಾಗ ಮಧ್ವರಾಜ ಅವಳೊಂದಿಗೆ ಮಾತಾಡಲಿಲ್ಲ. ರಾತ್ರಿಯೂ ಆಡಲಿಲ್ಲ.

ದ್ವಾದಶಿಯ ಪಾರಣೆ ಬೆಳಗಾಗುತ್ತಿದ್ದಂತೆ ಆಗಬೇಕು. ಅಗಸೆ ಸೊಪ್ಪು ಹೆಚ್ಚಬೇಕು, ಹುಣಿಸೆಹಣ್ಣು ಆಗದ ದಿನವಾದ್ದರಿಂದ ಹುಳಿಗೆ ನೆಲ್ಲಿಕಾಯಿ ಅರೆಯಬೇಕು. ಎಚ್ಚರವಾದ ಕೂಡಲೇ ಗೋದಾಬಾಯಿ ಏಳಲು ನೋಡಿದಳು. ಕಾಲು ಮಡಚಲಿಲ್ಲ. ಮೊಳಕಾಲು ಊದಿ ಬಿಗಿದುಕೊಂಡಿತ್ತು.

"ಏನ್ರೀ," ಎಂದು ಕರೆದಳು. "ನಂಗೆ ಎದ್ದೇಳೋಕ್ಕೆ ಆಗ್ತಿಲ್ಲ."

ಮದುವೆಯಾದಂದಿನಿಂದ ಈ ಮಾತನ್ನು ಅವಳು ಆಡಿದ್ದು ಇದೇ ಮೊದಲು. ಮಧ್ವರಾಜ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ಅವಳ ಕಾಲು ನೋಡಿದ, ಎದ್ದು ಹೋದ. ಸ್ನಾನದ ಮನೆಯಲ್ಲಿ ನೀರು ಸುರಿದ ಸದ್ದಾಯಿತು. ಆಮೇಲೆ ಸ್ಟವ್‌ಗೆ ಪಂಪು ಹೊಡೆದ ಸದ್ದು, ಪಾತ್ರೆ ಬಿದ್ದ ಸದ್ದು, "ಗ್ಯಾಸ್ ಅಲ್ಲ ಅಂದ್ರೆ ನಂಗೆ ಬರಲ್ಲ" ಎಂದು ಯಾರಿಗೋ ಹೇಳಿದ ಸದ್ದು, ಸುಮತಿ ನಕ್ಕ ಸದ್ದು. ಅನ್ನ ಮುದ್ದೆಯಾಗಿತ್ತು. ಪಾಯಸದ ತಳ ಹಿಡಿದ ವಾಸನೆ ಛತ್ರಕ್ಕೆಲ್ಲ ಹರಡಿತು. ಬದರಿನಾಥ ರಾಯರು ಸಾರು ಕಲಸುತ್ತ ಬಾಯಿ ತೆರೆದರು, ಬಡಿಸುತ್ತಿದ್ದ ಮಧ್ವರಾಜನ ಮುಖ ನೋಡಿ ಮುಚ್ಚಿಕೊಂಡರು.

ಗೋದಾಬಾಯಿಯ ಎಲೆಯನ್ನು ಅವನು ಅವಳ ಚಾಪೆಯ ಬಳಿಯೇ ತಂದು ಹಾಕಿದ.

"ಉಪ್ಪು ಹಾಕಿದೀನೋ ಇಲ್ವೋ ನೆನಪಿಲ್ಲ," ಎಂದ. ಕಮರಿಯಿಂದ ಬಂದ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು.

ಹಾಕಿರಲಿಲ್ಲ. "ಸರಿಯಾಗಿದೆ" ಎಂದು ಅವಳು ಉಂಡಳು.

ಪೆರಂಬೂರಿನ ಮನೆ ಸೇರಿದಾಗ ಮರುದಿನ ಬೆಳಿಗ್ಗೆ. ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದ ವೃಂದಾ ಬಾಗಿಲು ತೆಗೆದು ಚೀಲ ಇಸಿದುಕೊಂಡಳು. ಈ ಸಲ ಅವಳು ಕೇಳಲಿಲ್ಲ. ಕೇಳಿ ಕೇಳಿ ಅವಳಿಗೂ ಸಾಕಾಗಿರಬೇಕು.

"ಮದ್ಯಾನ ಸಾಪ್ಪಾಡು ಎನ್ನಮ್ಮಾ?" ಎಂದಳು.

ಊಟಕ್ಕೇನು ಅಂತ. ಗೋದಾಬಾಯಿ ಅಡಿಗೆಮನೆಯ ಕಡೆ ಹೋಗಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟುಕೊಂಡಳು.

"ಕೇಳಲ್ವೇನೇ ನೀನು?"

"ಎನ್ನತ್ತೆ?" ಏನನ್ನು ಅಂತ.

"ನೋಡಿದ್ಯಾ ಅಂತ."

ವೃಂದಾ ಚೀಲ ಕೆಳಗಿಟ್ಟಳು. ಅಮ್ಮನ ಊದಿದ ಕಾಲನ್ನು ನೋಡಿದಳು, ಮುಖವನ್ನು ನೋಡಿದಳು. "ಪಾತ್ತಿಯಾಮ್ಮಾ?" ಎಂದಳು ಮೆಲ್ಲಗೆ.

"ನೋಡ್ದೆ."

"ಎಪ್ಪಡಿ ಇರುಂದುದು?"

ಹೇಗಿತ್ತು? ಎಲ್ಲರೂ ಎಲೆಯ ಮುಂದೆ ಕೂತು ಹೇಳುತ್ತಿದ್ದದ್ದು ಗೋದಾಬಾಯಿಗೆ ಬಾಯಿಪಾಠವಾಗಿತ್ತು, ಅದನ್ನೇ ಹೇಳಬಹುದಿತ್ತು.

"ನೀರಿನ ಹಿಂದೆ ಕೂತ್ಕೊಳ್ಳೋಕೆ ಒಂದು ಬಂಡೆ ಇದೆ ಕಣೇ," ಎಂದಳು. "ಇಷ್ಟು ವರ್ಷ ಅದನ್ನ ನಂಗೆ ಯಾರೂ ಹೇಳೇ ಇರ್ಲಿಲ್ಲ."